ಸೀಸೆಯಲ್ಲಿ ಕಂಡ ಜೀರ್ಣಕ್ರಿಯೆ: ನನ್ನ ಅನುಭವ

ನಾವು ತಿನ್ನುವ ನಾರು ಜಠರದಲ್ಲೂ ಸಣ್ಣ ಕರುಳಲ್ಲೂ ಜೀರ್ಣವಾಗುವುದಿಲ್ಲ. ಅದನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಲ್ಲಿದೆ. ಅವು ಏನು ಮಾಡುತ್ತವೆಂದು ನೋಡಲು ನಾನು ಪ್ರಯೋಗಾಲಯದಲ್ಲಿ ಅನುಸರಿಸುವ ಕ್ರಮ ಸರಳ. ಆರೋಗ್ಯವಂತರು ಕೊಟ್ಟ ಮಲದ ಮಾದರಿಯನ್ನು ಪೋಷಕ ದ್ರವದಲ್ಲಿ ಕದಡಿ, ಒಂದೇ ಬಗೆಯ ನಾರು ಬೆರೆಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿಡುತ್ತೇನೆ. ಪಕ್ಕದಲ್ಲಿ ನಾರಿಲ್ಲದ ಸೀಸೆಯೂ ಇರಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.

ಕಷ್ಟವಿರುವುದು ಆಮ್ಲಜನಕವನ್ನು ಹೊರಗಿಡುವುದರಲ್ಲಿ. ದ್ರವವನ್ನು ಕುದಿಸಿ, ಸಾರಜನಕ ಹಾಯಿಸಿ, ಉಳಿದ ಆಮ್ಲಜನಕವನ್ನು ತೆಗೆಯುವ ಸಿಸ್ಟೀನ್ ಸೇರಿಸುತ್ತೇನೆ. ಜೊತೆಗೆ ರೆಸಝುರಿನ್ ಎಂಬ ಬಣ್ಣ: ಗುಲಾಬಿ ಕಂಡರೆ ಆಮ್ಲಜನಕ ಉಳಿದಿದೆ ಎಂದರ್ಥ, ಬಣ್ಣ ಪೂರ್ತಿ ಹೋಗುವವರೆಗೂ ಕಾಯಲೇಬೇಕು. ಫೀಕಾಲಿಬ್ಯಾಕ್ಟೀರಿಯಂನಂಥ ಕರುಳಿನ ಬ್ಯಾಕ್ಟೀರಿಯಾಗಳು ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಅವು ಸತ್ತ ಸೀಸೆಯನ್ನು ನೋಡಿ ‘ಈ ನಾರಿನಿಂದ ಪ್ರಯೋಜನವಿಲ್ಲ’ ಎಂದು ತೀರ್ಮಾನಿಸುವುದು ತಪ್ಪು.

ಇನ್ಯುಲಿನ್ ಎಂಬ ಸಸ್ಯದ ನಾರು ಹಾಕಿದ ಸೀಸೆಯಲ್ಲಿ ಮರುದಿನಕ್ಕೆ ಅನಿಲದ ಒತ್ತಡ ಏರಿರುತ್ತದೆ, ಪಿಎಚ್ ಇಳಿದಿರುತ್ತದೆ, ಎಂದರೆ ದ್ರವ ಹುಳಿಯಾಗಿರುತ್ತದೆ. ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಮೂರು ಆಮ್ಲಗಳೂ ಕಾಣುತ್ತವೆ. ಹೆಚ್ಚಿನ ಪಾಲು ಅಸಿಟೇಟಿನದು.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಂದೆರಡೇ ಪ್ರಭೇದಗಳನ್ನು ಬೆಳೆಸುವ ಪ್ರಯೋಗ. ಬಿಫಿಡೋಬ್ಯಾಕ್ಟೀರಿಯಂ ಲಾಂಗಂ ಎಂಬ ಬ್ಯಾಕ್ಟೀರಿಯಾ ಒಲಿಗೊಫ್ರಕ್ಟೋಸ್ ಎಂಬ ನಾರನ್ನು ಒಡೆದು ಅಸಿಟೇಟ್, ಲ್ಯಾಕ್ಟೇಟ್ ಕೊಡುತ್ತದೆ. ಬ್ಯುಟಿರೇಟ್ ಮಾಡಲು ಅದಕ್ಕಾಗದು. ಅನೇರೋಸ್ಟೈಪಿಸ್ ಕಾಕೆ ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಆ ನಾರನ್ನು ಮುಟ್ಟಲೂ ಆಗದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಒಂದು ಉಳಿಸಿದ್ದನ್ನು ಇನ್ನೊಂದು ತಿಂದು ಬ್ಯುಟಿರೇಟ್ ಮಾಡುತ್ತದೆ. ‘ಒಳ್ಳೆಯ ಬ್ಯಾಕ್ಟೀರಿಯಾ ಯಾವುದು?’ ಎಂದು ಕೇಳುವವರಿಗೆ ನಾನು ತೋರಿಸುವುದು ಈ ಫಲಿತಾಂಶವನ್ನೇ. ಒಂಟಿಯಾಗಿ ಯಾವುದೂ ಸಾಲದು.

ಬ್ಯುಟಿರೇಟಿಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ದೊಡ್ಡ ಕರುಳಿನ ಒಳಪದರದ ಕೋಶಗಳು ತಮಗೆ ಬೇಕಾದ ಶಕ್ತಿಯ ಸುಮಾರು 70 ಪ್ರತಿಶತವನ್ನು ಅದರಿಂದಲೇ ಪಡೆಯುತ್ತವೆ. ಅದನ್ನು ಉರಿಸುವಾಗ ಆಮ್ಲಜನಕ ಖರ್ಚಾಗುವುದರಿಂದ ಕರುಳಿನೊಳಗೆ ಅದು ಸೋರುವುದು ಕಡಿಮೆ. ನಾನು ಸಾರಜನಕ ಹಾಯಿಸಿ ಸಾಧಿಸುವ ಸ್ಥಿತಿಯನ್ನು ದೇಹ ಹೀಗೆ ಕಾಪಾಡಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳು ಬದುಕಲು ಬೇಕಾದ ವಾತಾವರಣಕ್ಕೆ ಅವುಗಳದೇ ಉತ್ಪನ್ನ ನೆರವಾಗುತ್ತದೆ!

ಸೀಸೆಗೊಂದು ಮಿತಿಯಿದೆ. ದೇಹದಲ್ಲಿ ಈ ಆಮ್ಲಗಳ ಬಹುಪಾಲು ರಕ್ತಕ್ಕೆ ಹೀರಲ್ಪಡುತ್ತದೆ, ಸೀಸೆಯಲ್ಲಿ ಅಲ್ಲೇ ಶೇಖರವಾಗುತ್ತದೆ. ಆದ್ದರಿಂದ ಇಲ್ಲಿನ ಪ್ರಮಾಣವನ್ನು ಕರುಳಿನ ಲೆಕ್ಕವೆಂದು ನಾನು ಬರೆಯುವುದಿಲ್ಲ. ನಾರುಗಳ ನಡುವಿನ ಹೋಲಿಕೆಗೆ ಮಾತ್ರ ಬಳಸುತ್ತೇನೆ, ಅದೂ ಒಬ್ಬರದೇ ಮಾದರಿಯೊಳಗೆ.