ರೆಸಾರ್ಟ್‌ಗೂ ಟೂರಿಂಗ್‌ಗೂ ಒಂದೇ ಸ್ಕೀ ಸೆಟ್

ಟೂರಿಂಗ್ ಅಂದರೆ ಲಿಫ್ಟ್ ಇಲ್ಲದೆ ಸ್ಕೀ ಮೇಲೆಯೇ ಬೆಟ್ಟ ಹತ್ತಿ ಇಳಿಯುವುದು. ಅದಕ್ಕೂ ರೆಸಾರ್ಟ್‌ಗೂ ಒಂದೇ ಸೆಟ್ ಬೇಕಿದ್ದರೆ ಮೊದಲು ಬೂಟು ಆರಿಸಿ, ಉಳಿದದ್ದು ಆಮೇಲೆ. ಒಳಗಿನ ಮೆತ್ತನೆಯ ಲೈನರ್ ಹೊರತೆಗೆದು, ಹೊರಗಿನ ಗಟ್ಟಿ ಕವಚವಾದ ಬರೀ ಶೆಲ್‌ನಲ್ಲಿ ಕಾಲಿಟ್ಟು, ಬೆರಳು ಮುಂದಕ್ಕೆ ತಾಗುವಂತೆ ನಿಲ್ಲಿ. ಹಿಮ್ಮಡಿಯ ಹಿಂದೆ 15ರಿಂದ 20 ಮಿ.ಮೀ. ಜಾಗವಿದ್ದರೆ ಸರಿ. ಹೆಚ್ಚಿದ್ದರೆ ಹತ್ತುವಾಗ ಹಿಮ್ಮಡಿ ಮೇಲೆ ಕೆಳಗೆ ಉಜ್ಜಿ ಬೊಬ್ಬೆ ಏಳುತ್ತದೆ. ವಾಕ್ ಮೋಡ್ (ಹತ್ತುವಾಗ ಕಣಕಾಲು ಬಾಗಲು ಬಿಡುವ ವ್ಯವಸ್ಥೆ) ಮತ್ತು ಪಿನ್ ಕೂರುವ ಲೋಹದ ಗುಳಿಗಳು ಇರಲೇಬೇಕು.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲೇ ನಿಜವಾದ ರಾಜಿ. ಹಗುರವಾದ ಪಿನ್ ಬೈಂಡಿಂಗ್ ಹತ್ತಲು ಹಿತ, ಆದರೆ ರೆಸಾರ್ಟಿನ ಗಟ್ಟಿ ಹಿಮದಲ್ಲಿ ಪ್ರತಿ ಕುಲುಕೂ ಕಾಲಿಗೆ ಬಡಿಯುತ್ತದೆ. ಹೆಚ್ಚು ದಿನ ಲಿಫ್ಟ್ ಹತ್ತುವವರಿಗೆ ಸಾಲೊಮನ್ ಶಿಫ್ಟ್‌ನಂಥ ಹೈಬ್ರಿಡ್ ಒಳ್ಳೆಯದು: ಏರುವಾಗ ಪಿನ್, ಇಳಿಯುವಾಗ ಆಲ್ಪೈನ್ (ಸಾಮಾನ್ಯ ರೆಸಾರ್ಟ್ ಬೈಂಡಿಂಗಿನ) ಹಿಡಿತ. ಅದರ ಮುಂಭಾಗದಲ್ಲಿ ಬೂಟಿನ ಅಟ್ಟೆ ಕೂರುವ ಫಲಕದ ಎತ್ತರವನ್ನು ಪ್ರತಿ ಬೂಟಿಗೂ ಹೊಂದಿಸಬೇಕು. ಅಟ್ಟೆಗೂ ಫಲಕಕ್ಕೂ ನಡುವೆ ಇಟ್ಟ ಕಾಗದ ಎಳೆದರೆ ತುಸು ಬಿಗಿಯಾಗಿ ಜಾರಿ ಬರಬೇಕು. ತೀರಾ ಬಿಗಿಯಾದರೆ ಬಿದ್ದಾಗ ಬೂಟು ಬಿಡಿಸಿಕೊಳ್ಳುವುದಿಲ್ಲ, ಸಡಿಲವಾದರೆ ಅಲುಗಾಡಿ ಬೇಡದ ಹೊತ್ತಿನಲ್ಲಿ ಕಳಚುತ್ತದೆ. ಬಿಡುಗಡೆಯ ಮೌಲ್ಯವನ್ನು (ಎಷ್ಟು ಬಲಕ್ಕೆ ಬೂಟು ಕಳಚಬೇಕೆಂಬ ಅಳತೆ) ತರಬೇತಾದ ತಂತ್ರಜ್ಞರೇ ಹೊಂದಿಸಲಿ.

ಸ್ಕೀ ನಡುವಿನ ಅಗಲ 95ರಿಂದ 105 ಮಿ.ಮೀ., ಒಂದರ ತೂಕ 1,500ರಿಂದ 1,800 ಗ್ರಾಂ. ಇದಕ್ಕಿಂತ ಹಗುರವಾದದ್ದು ಒರಟು ಹಿಮದಲ್ಲಿ ಚಿಮ್ಮುತ್ತದೆ.

ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ತಳಕ್ಕೆ ಅಂಟಿಸುವ ಪಟ್ಟಿಯಾದ ಸ್ಕಿನ್ ಕತ್ತರಿಸುವಾಗ ಎರಡೂ ಬದಿಯ ಉಕ್ಕಿನ ಅಂಚು ಪೂರ್ತಿ ಕಾಣುವಂತೆ ಬಿಡಿ. ಮುಚ್ಚಿದರೆ ಗಟ್ಟಿ ಇಳಿಜಾರನ್ನು ಅಡ್ಡ ದಾಟುವಾಗ ಅಂಚು ಕಚ್ಚದೆ ಜಾರುತ್ತೀರಿ.

ರೆಸಾರ್ಟ್ ಗಡಿ ದಾಟಿದರೆ, ಹಿಮಕುಸಿತದಲ್ಲಿ ಹೂತವರನ್ನು ಹುಡುಕಲು ಟ್ರಾನ್ಸೀವರ್ (ಸಂಕೇತ ಕಳಿಸಿ ಹಿಡಿಯುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಅಗೆಯಲು ಸಲಿಕೆ ಮೂರೂ ಪ್ರತಿಯೊಬ್ಬರ ಬಳಿಯೂ ಇರಬೇಕು. ಹಣ ಸಾಲದಿದ್ದರೆ ಹಳೆಯ ಸ್ಕೀ ಕೊಳ್ಳಿ, ಇವನ್ನು ಬಿಡಬೇಡಿ.