ಕಟಿಂಗ್‌ಗೆ ಮುಂಚೆ ಫೀಡ್ ಎತ್ತುವ ಲೆಕ್ಕ: ನನ್ನ ಅನುಭವ

ಪುಣೆ ಜಿಲ್ಲೆಯ ದೌಂಡ್ ಕಡೆಯಿಂದ ಮುಂಬೈಗೆ ಬ್ರಾಯ್ಲರ್ (ಮಾಂಸದ ಕೋಳಿ) ಕಳಿಸುವವರೆಲ್ಲರದೂ ಒಂದೇ ಮಾತು: ರಾತ್ರಿಯೇ ಫೀಡ್ ಎತ್ತಿದರೆ, ಅಂದರೆ ಕೋಳಿಯ ಆಹಾರ ತೆಗೆದುಬಿಟ್ಟರೆ, ತೂಕ ಹೋಗುತ್ತದೆ. ನಾನು ಎತ್ತಿಯೇ ಕಳಿಸುತ್ತೇನೆ. ಈಗ ಮುಂಬೈನ ಚೆಂಬೂರಿನ ಅಂಗಡಿಯವರು ನಮ್ಮ ಲೋಡನ್ನೇ ಕೇಳಿ ಇಳಿಸಿಕೊಳ್ಳುತ್ತಾರೆ.

ಫೀಡರ್ ಎತ್ತಿದ ಹೊತ್ತಿನಿಂದ ಕತ್ತು ಕೊಯ್ಯುವವರೆಗೆ ಎಂಟರಿಂದ ಹನ್ನೆರಡು ಗಂಟೆ ಆಗಿರಬೇಕು. ಹಿಡಿಯುವುದು, ಲಾರಿ, ಅಂಗಡಿ ಮುಂದೆ ಕಾಯುವುದು ಎಲ್ಲ ಸೇರಿ. ಬೆಳಗ್ಗೆ 6ರ ಕಟಿಂಗ್‌ಗೆ ನಾನು ರಾತ್ರಿ 8ಕ್ಕೆ ಎತ್ತುತ್ತೇನೆ. ನೀರು ಮಾತ್ರ ಹಿಡಿಯುವವರೆಗೂ ಇರಬೇಕು, ಲೈಟೂ ಉರಿಯುತ್ತಿರಬೇಕು. ಕತ್ತಲಲ್ಲಿ ಕೋಳಿ ಕೂತುಬಿಡುತ್ತದೆ, ನೀರು ಕುಡಿಯುವುದಿಲ್ಲ, ಕ್ರಾಪ್ (ಕತ್ತಿನ ಬುಡದಲ್ಲಿ ಆಹಾರ ನಿಲ್ಲುವ ಚೀಲ) ಖಾಲಿಯಾಗುವುದಿಲ್ಲ.

ಎಂಟು ಗಂಟೆ ಆಗದಿದ್ದರೆ ತುಂಬಿದ ಕರುಳು ಕೈಯಲ್ಲೇ ಒಡೆದು ಮಾಂಸಕ್ಕೆ ಹೊಲಸು ಹತ್ತುತ್ತದೆ. ಹದಿನಾಲ್ಕು ದಾಟಿದರೆ ಇನ್ನೂ ಕಷ್ಟ. ಕರುಳಿನ ಒಳಪದರ ಕಳಚಿ, ಎಳೆದರೆ ಹರಿಯುತ್ತದೆ. ಪಿತ್ತಕೋಶ ಉಬ್ಬಿ ಲಿವರ್ ಮೇಲೆ ಹಸಿರು ಕಲೆ ಬೀಳುತ್ತದೆ. ಹಸಿದ ಕೋಳಿ ಲಿಟರ್ (ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು) ಕುಕ್ಕುವುದರಿಂದ ಕ್ರಾಪ್‌ನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಹೆಚ್ಚುತ್ತದೆ. ತೊಡೆಯ ಗ್ಲೈಕೋಜನ್ (ಮಾಂಸದಲ್ಲಿ ಕೂಡಿಟ್ಟ ಸಕ್ಕರೆ) ಕರಗಿ, ಕೊಯ್ದ ಮೇಲೆ ಪಿಹೆಚ್ ಇಳಿಯುವುದಿಲ್ಲ, ಅಂದರೆ ಮಾಂಸ ಬೇಕಾದಷ್ಟು ಆಮ್ಲೀಯ ಆಗುವುದಿಲ್ಲ. ಮಾಂಸ ಕಪ್ಪಾಗಿ ಬೇಗ ಕೆಡುತ್ತದೆ. ಎದೆ ಮಾಂಸದಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ.

ತೊಡಕು ಇದ್ದದ್ದು ಬೆಳಗ್ಗೆ 10ರವರೆಗೆ ಕಟಿಂಗ್ ನಡೆಸುವ ಅಂಗಡಿಗಳಲ್ಲಿ. ಕೊನೆಯ ಕ್ರೇಟ್‌ಗೆ ಹದಿನಾಲ್ಕು ಗಂಟೆ ಆಗಿಬಿಡುತ್ತಿತ್ತು. ಶೆಡ್ಡಿಗೆ ನಡುವೆ ನೆಟ್ ಕಟ್ಟಿ, ಒಂದು ಬದಿ 8ಕ್ಕೆ, ಇನ್ನೊಂದು ಬದಿ 11ರ ಮೇಲೆ ಎತ್ತಿದೆ. ತಡವಾಗಿ ಎತ್ತಿದ್ದನ್ನು ಬೇರೆ ಬಣ್ಣದ ಕ್ರೇಟ್‌ಗೆ ತುಂಬಿ, ಅದನ್ನು ಕೊನೆಗೆ ಕೊಯ್ಯಲು ಹೇಳುತ್ತೇನೆ. ಲಾರಿ ಇಳಿಸುವಾಗ ಕ್ರೇಟ್ ತಳ ನೋಡಿ: ಹಸಿರು ನೀರಿನಂಥ ಹಿಕ್ಕೆ ಇದ್ದರೆ ಹೊತ್ತು ಮೀರಿದೆ. ಕ್ರಾಪ್ ಮುಟ್ಟಿದಾಗ ಕಾಳು ಸಿಕ್ಕರೆ, ಫೀಡ್ ಎತ್ತಿ ಸಾಕಷ್ಟು ಹೊತ್ತಾಗುವ ಮುಂಚೆಯೇ ಹಿಡಿದಿದ್ದಾರೆ.

ತೂಕ ಗಂಟೆಗೆ ಹೆಚ್ಚುಕಡಿಮೆ ಕಾಲು ಶೇಕಡಾ ಇಳಿಯುತ್ತದೆ, ಬೇಸಿಗೆಯಲ್ಲಿ ಜಾಸ್ತಿ. ಎರಡು ಕಿಲೋ ಕೋಳಿಗೆ ಹತ್ತು ಗಂಟೆಗೆ ಐವತ್ತು ಗ್ರಾಂ. ಮೊದಲ ಐದಾರು ಗಂಟೆ ಹೋಗುವುದು ಬಹುಪಾಲು ಹೊಟ್ಟೆಯಲ್ಲಿದ್ದ ಫೀಡ್. ಅದನ್ನು ಮಾಂಸದ ದರಕ್ಕೆ ಮಾರುವುದು ಎಷ್ಟು ದಿನ ನಡೆದೀತು? ಇಳಿದ ತೂಕದ ನಷ್ಟಕ್ಕೆಂದು, ಫಾರ್ಮ್‌ನಲ್ಲಿ ತೂಗುವಾಗ ಸಾಕುವವರಿಗೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟೆ, ಅವರು ಒಪ್ಪಿದರು.

ಕೊನೆಯ ನೀರಿಗೆ ಬೆಲ್ಲ ಹಾಕಿ ನೋಡಿದ್ದೂ ಉಂಟು. ತೂಕ ಉಳಿಯಲಿಲ್ಲ, ನಿಪ್ಪಲ್ (ಕೋಳಿ ನೀರು ಕುಡಿಯುವ ಪೈಪಿನ ತುದಿ) ಕಟ್ಟಿಕೊಂಡಿತು. ಈಗ ಕೊನೆಯ ನೀರಿಗೆ ಬೆಲ್ಲದ ಬದಲು, ಕ್ರಾಪ್‌ನ ಸಾಲ್ಮೊನೆಲ್ಲಾ ತಗ್ಗಲೆಂದು ಒಂದು ಆಸಿಡ್ ಬೆರೆಸುತ್ತೇನೆ. ಯಾವುದು, ಎಷ್ಟು ಅನ್ನುವುದು ನನ್ನಲ್ಲೇ ಇರಲಿ.