ಕೂಲಂಟ್ ಬಣ್ಣ ನೋಡಿ ಮೋಸ ಹೋಗಬೇಡಿ

ಕಾರಿನ ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಟ್ಯಾಂಕಿನಲ್ಲಿರುವುದು ಹಸಿರು, ಹಾಗಾದ್ರೆ ಹಸಿರು ಕ್ಯಾನ್ ತಂದು ಸುರಿದರಾಯ್ತು. ನಾನೂ ಬಹಳ ದಿನ ಹೀಗೇ ಅಂದುಕೊಂಡಿದ್ದೆ. ಆದರೆ ಕೂಲಂಟ್‌ಗೆ ಬಣ್ಣ ಬರುವುದು ಕಂಪನಿಯವರು ಹಾಕುವ ಡೈನಿಂದ, ಅಷ್ಟೆ. ಯಾವ ಬಣ್ಣಕ್ಕೆ ಯಾವ ಕೆಮಿಕಲ್ ಅಂತ ಎಲ್ಲರೂ ಪಾಲಿಸುವ ನಿಯಮವೇ ಇಲ್ಲ. ಒಬ್ಬರ ಹಸಿರು ಹಳೇ ಕಾಲದ್ದು, ಇನ್ನೊಬ್ಬರ ಹಸಿರು ಹೊಸ ಬಗೆಯದ್ದು.

ನೋಡಬೇಕಾದ್ದು ಒಳಗಿನ ಸರಕು. ಹೆಚ್ಚಿನ ಕೂಲಂಟ್‌ಗಳ ಮೂಲ ಎಥಿಲೀನ್ ಗ್ಲೈಕಾಲ್. ವ್ಯತ್ಯಾಸ ಇರುವುದು ತುಕ್ಕು ತಡೆಯಲು ಬೆರೆಸುವ ವಸ್ತುಗಳಲ್ಲಿ. ಹಳೇ ಬಗೆ, ಅಂದರೆ ಐಎಟಿಯಲ್ಲಿ, ಸಿಲಿಕೇಟ್‌ನಂಥವು ಇರುತ್ತವೆ, ಅವು ಬೇಗ ಕಳೆದುಹೋಗುತ್ತವೆ, ಅದಕ್ಕೇ ಸುಮಾರು 2 ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸ ಬಗೆ, ಅಂದರೆ ಓಎಟಿಯಲ್ಲಿ, ಆರ್ಗ್ಯಾನಿಕ್ ಆಸಿಡ್ ಇರುತ್ತದೆ, ಸಾಮಾನ್ಯವಾಗಿ 5 ವರ್ಷ ಬಾಳುತ್ತದೆ. ಎರಡರ ಗುಣವೂ ಇರುವುದು ಎಚ್‌ಓಎಟಿ. ನಿಮ್ಮ ಕಾರಿಗೆ ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಅದೇ ಸ್ಪೆಸಿಫಿಕೇಷನ್ ಕ್ಯಾನಿನ ಹಿಂದೆ ಇದೆಯಾ ನೋಡಿ. 'ಎಲ್ಲ ಕಾರಿಗೂ ಸರಿ' ಅಂತ ಮುಂದೆ ದೊಡ್ಡದಾಗಿ ಬರೆದಿದ್ದರೆ ನಾನಂತೂ ಹಿಂದಿನ ಸಣ್ಣ ಅಕ್ಷರ ಓದದೆ ಕೊಳ್ಳುವುದಿಲ್ಲ.

ಬೇರೆ ಬೇರೆ ಬಗೆ ಬೆರೆಸಿದ ತಕ್ಷಣ ಎಂಜಿನ್ ಹಾಳಾಗುವುದಿಲ್ಲ, ಆದರೆ 5 ವರ್ಷ ಬಾಳಬೇಕಾದ್ದು ಅಷ್ಟು ಬಾಳುವುದಿಲ್ಲ. ಕೆಲವು ಜೋಡಿ ಸೇರಿದರೆ ಗಂಜಿಯ ಹಾಗೆ ಗಟ್ಟಿಯಾಗುವುದೂ ಉಂಟು.

ಇನ್ನು ನೀರು. ಕಾನ್ಸನ್ಟ್ರೇಟ್, ಅಂದರೆ ನೀರು ಬೆರೆಸದ ಕೂಲಂಟ್, ತಂದರೆ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ. ನಲ್ಲಿ ನೀರು ಬೇಡ, ಅದರಲ್ಲಿರುವ ಕ್ಯಾಲ್ಸಿಯಂ ರೇಡಿಯೇಟರ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಅರ್ಧಕ್ಕರ್ಧ ಬೆರೆಸಿದ್ದು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟುವುದಿಲ್ಲ. ಕಾನ್ಸನ್ಟ್ರೇಟ್ ಜಾಸ್ತಿ ಸುರಿದರೆ ಜಾಸ್ತಿ ಒಳ್ಳೇದಲ್ವಾ ಅಂತ ಕೇಳಬಹುದು. ಅಲ್ಲ. ಬರೀ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಹೆಪ್ಪುಗಟ್ಟುತ್ತದೆ, ಶಾಖ ಹೊತ್ತೊಯ್ಯುವುದರಲ್ಲೂ ಅದು ನೀರಿಗಿಂತ ಹಿಂದೆ. ಪ್ರೀಮಿಕ್ಸ್ ತಂದಿದ್ದರೆ ಮತ್ತೆ ನೀರು ಬೆರೆಸಬೇಡಿ, ಆಗಲೇ ಬೆರೆಸಿಯೇ ಕೊಟ್ಟಿರುತ್ತಾರೆ.

ಬದಲಿಸುವಾಗ ಬಹಳ ಜನ ಎಡವುವುದು ಇಲ್ಲಿ. ಹಳೇದನ್ನು ಬಸಿದು, ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಹಾಕಿ ಎಂಜಿನ್ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಬಸಿಯುತ್ತೀರಿ. ಆದರೆ ಎಂಜಿನ್ ಬ್ಲಾಕ್ ಒಳಗೆ ಒಂದಿಷ್ಟು ನೀರು ಉಳಿದೇ ಇರುತ್ತದೆ. ಒಟ್ಟು 7 ಲೀಟರ್ ಹಿಡಿಯುವ ಕಾರಿನಲ್ಲಿ ಎರಡೂವರೆ ಲೀಟರ್ ಉಳಿಯಿತು ಅನ್ನಿ. ಅದರ ಮೇಲೆ ಅರ್ಧದಷ್ಟು ನೀರೇ ಇರುವ ಪ್ರೀಮಿಕ್ಸ್ ನಾಲ್ಕೂವರೆ ಲೀಟರ್ ಸುರಿದರೆ ಕೂಲಂಟ್ ಪಾಲು ಶೇ. 32ಕ್ಕೆ ಇಳಿಯುತ್ತದೆ! ಅದಕ್ಕೇ ಫ್ಲಶ್ ಮಾಡಿದ ಮೇಲೆ ಕಾನ್ಸನ್ಟ್ರೇಟ್ ವಾಸಿ. ಮೊದಲು ಮೂರೂವರೆ ಲೀಟರ್ ಅದನ್ನು ಹಾಕಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಆಮೇಲೆ ಮ್ಯಾನ್ಯುಯಲ್ ಹೇಳಿದ ಹಾಗೆ ಗಾಳಿ ತೆಗೆಯಿರಿ, ಒಳಗೆ ಗುಳ್ಳೆ ಸಿಕ್ಕಿಕೊಂಡರೆ ಎಂಜಿನ್ ಸುಮ್ನೆ ಬಿಸಿಯಾಗುತ್ತದೆ.

ತಿಂಗಳಿಗೊಮ್ಮೆ, ಎಂಜಿನ್ ತಣ್ಣಗಿರುವಾಗ, ಮಟ್ಟ ನೋಡಿ. ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇದ್ದರೆ ಸಾಕು. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ, ಒಳಗೆ ಒತ್ತಡ ಇರುತ್ತದೆ, ಕುದಿಯುವ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ. ಬಣ್ಣ ಕಂದಾಗಿದ್ದರೆ, ತುಕ್ಕಿನ ಚೂರು ತೇಲುತ್ತಿದ್ದರೆ, ವರ್ಷ ಎಣಿಸದೆ ಬದಲಿಸಿ. ಪದೇ ಪದೇ ಕಡಿಮೆಯಾಗುತ್ತಿದ್ದರೆ ಟಾಪ್ ಅಪ್ ಮಾಡುತ್ತಾ ಕೂರಬೇಡಿ. ಹೋಸ್, ವಾಟರ್ ಪಂಪ್, ರೇಡಿಯೇಟರ್ ಎಲ್ಲಾದರೂ ಸೋರುತ್ತಿರಬೇಕು. ಹೊರಗೆ ಎಲ್ಲೂ ಹನಿ ಕಾಣದೆ, ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೇಲೆ ಅನುಮಾನ ಪಡಿ, ಕಾರು ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ.

ಬಸಿದ ಕೂಲಂಟನ್ನು ತೆರೆದ ಬಕೆಟ್‌ನಲ್ಲಿ ಬಿಡಬೇಡಿ. ಅದು ವಿಷ, ಆದರೆ ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿಬಿಡುತ್ತವೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹಳೇ ಕೂಲಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಚರಂಡಿಗೆ ಸುರಿಯಬೇಡಿ.